ಆರೂ ಒಂದು

ರೈಲಿನಲ್ಲಿ ಎದುರಿಗೆ ಕುಳಿತವರು ತೂಕಡಿಸತೊಡಗಿದರೆ ನನ್ನ ನೆಮ್ಮದಿ ಹಾರಿಹೋಗುತ್ತದೆ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಅಷ್ಟೇನೂ ದೂರವಿಲ್ಲ. ಆದರೂ ಯಾರಾದರೊಬ್ಬರು ನಿದ್ದೆಗೆ ಜಾರುತ್ತಾರೆ, ನಾನು ಅವರ ಎದೆಯನ್ನೇ ನೋಡುತ್ತ ಉಸಿರು ಎಣಿಸುತ್ತೇನೆ. ಕಳೆದ ವಾರ ಒಬ್ಬರು ತಟ್ಟನೆ ಎಚ್ಚೆತ್ತು, ನನ್ನ ಕಣ್ಣು ತಮ್ಮ ಜೇಬುಗಡಿಯಾರದ ಮೇಲಿದೆಯೆಂದುಕೊಂಡು ಕೋಟಿನ ಗುಂಡಿ ಹಾಕಿಕೊಂಡರು. ನಾನು ಡಾಕ್ಟರೆಂದು ಹೇಳಬಹುದಿತ್ತು. ಹೇಳಿದ್ದರೆ ಇನ್ನೊಂದು ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದರೋ ಏನೋ.

ಈ ಚಾಳಿ ನನ್ನ ಸಂಶೋಧನೆಯ ಫಲ. ಕಾಲೇಜು ಮುಗಿಸಿ, ಚಿನ್ನದ ಗಣಿಯ ಹತ್ತಿರದ ಒಂದು ಆಸ್ಪತ್ರೆಗೆ ಕ್ಲೋರೋಫಾರ್ಮ್ ಕೊಡುವ ಕೆಲಸ ಕಲಿಯಲು ಸೇರಿದ್ದೆ. ಸಂಶೋಧನೆಗೆ ಪ್ರಯೋಗಶಾಲೆ ಬೇಕು, ಪರದೇಶಕ್ಕೆ ಹಡಗಿನ ಟಿಕೆಟ್ಟು ಬೇಕು ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಒಂದು ಸೀಸೆ, ತಂತಿಯ ಮೇಲೆ ಬಟ್ಟೆ ಬಿಗಿದ ಒಂದು ಮುಖಕವಚ, ಜೊತೆಗೆ ಮೂರು ಭಾಷೆಯ ರೋಗಿಗಳು. ಕ್ಲೋರೋಫಾರ್ಮಿನ ಮತ್ತೇರುವಾಗ ಒಂದು, ಎರಡು ಎಂದು ಎಣಿಸಲು ಅವರಿಗೆ ಹೇಳುತ್ತಿದ್ದೆವು. ಎಣಿಕೆ ತೊದಲಿದರೆ ಪ್ರಜ್ಞೆ ಹೋಗುತ್ತಿದೆಯೆಂದು ಲೆಕ್ಕ. ಯಾವ ಭಾಷೆಯವನು ಯಾವ ಅಂಕಿಯಲ್ಲಿ ತೊದಲುತ್ತಾನೆ? ಇದನ್ನು ಜಗತ್ತಿನಲ್ಲಿ ಯಾರೂ ಕೇಳಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಹಡಗಿನ ಟಿಕೆಟ್ಟೇ ತಾನಾಗಿ ನನ್ನನ್ನು ಹುಡುಕಿಕೊಂಡು ಬರಬೇಕಾಗಿತ್ತು. ಒಂದು ನೋಟ್‌ಬುಕ್ ಕೊಂಡು ಗೆರೆ ಎಳೆದೆ.

ಹಾಗಿರುವಾಗ ಕ್ಯಾಸಂಬಳ್ಳಿಯ ರೈತ ಮುನಿಯಪ್ಪ ಬಂದ. ಊರಿಗಾಂಗೆ ರಾಗಿ ಹೊತ್ತು ತಂದ ಗಾಡಿಯ ಚಕ್ರಕ್ಕೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿದ್ದವು. ದೊಡ್ಡ ಡಾಕ್ಟರು ಕತ್ತಿ ಹಿಡಿದು ಕಾಯುತ್ತಿದ್ದರು. ನಾನು ಮುಖಕವಚ ಇಟ್ಟು ಹನಿಸತೊಡಗಿ, ಎಣಿಸಲು ಹೇಳಿದೆ. ಮುನಿಯಪ್ಪ ಶುರುಮಾಡಿದ: "ಲಾಭ, ಎರಡು, ಮೂರು..."

ಮೊದಲ ಹನಿಗೇ ಮತ್ತೇರಿತೆಂದು ನನಗೆ ನಗು ಬಂತು. ಆದರೆ ಅವನು ಗಟ್ಟಿ ದನಿಯಲ್ಲಿ ಆರರವರೆಗೂ ಬಂದ. ಆಮೇಲೆ, "ಆರೂ... ಒಂದು" ಎಂದ.

ಆರಾದ ಮೇಲೆ ಮತ್ತೆ ಒಂದು. ಎಣಿಕೆ ನಿಲ್ಲದೆ ಹಿಂದಕ್ಕೆ ತಿರುಗಿತ್ತು. ಯಾವ ಪುಸ್ತಕದಲ್ಲೂ ಇಲ್ಲದ್ದು! ಬಲಗೈ ತಾನಾಗಿ ಪೆನ್ಸಿಲಿಗೆ ಹೋಯಿತು. ಎಡಗೈಯ ಸೀಸೆ ತನ್ನ ಪಾಡಿಗೆ ಹನಿಸುತ್ತಲೇ ಇತ್ತು. ಎಷ್ಟು ಹೊತ್ತು ಬರೆದೆನೋ, ಇವತ್ತಿಗೂ ನೆನಪಾಗದು, ಅದನ್ನೇ ನೆನೆಯುತ್ತಿರುತ್ತೇನೆ.

ಊರಿಗಾಂನ ಗಣಿ ಕೂಲಿಗಳ ಲೈನುಮನೆಗಳಿಂದ ಬರುತ್ತಿದ್ದ ನರ್ಸ್ ತಾಯಮ್ಮ ಸೀಸೆಯನ್ನು ಕಸಿದುಕೊಂಡಳು. "ಡಾಕ್ಟ್ರೇ, ಬರೆಯೋದು ಆಮೇಲೆ. ಮೂಚ್ಚು ಇಲ್ಲ" ಎಂದಳು. ಗಾಬರಿಯಲ್ಲಿ ಉಸಿರು ಅವಳ ಬಾಯಲ್ಲಿ ತಮಿಳಾಗಿತ್ತು. ಮುನಿಯಪ್ಪನ ತುಟಿ ನೀಲಿಯಾಗಿತ್ತು. ದವಡೆ ಎತ್ತಿ ಹಿಡಿದು ನಾಲಗೆ ಎಳೆದಳು. ನಾನು ಅವನ ಎರಡೂ ತೋಳುಗಳನ್ನು ತಲೆಯ ಮೇಲಕ್ಕೆ ಎಳೆದು, ಉಸಿರು ಬರಲೆಂದು ಮತ್ತೆ ಎದೆಗೆ ಒತ್ತತೊಡಗಿದೆ. ಒಂದೊಂದು ಸಲಕ್ಕೂ ಗಟ್ಟಿಯಾಗಿ ಎಣಿಸಿದೆ. ಐದು. ಆರು. ಏಳು. ಅಲ್ಲಿಂದ ಮುಂದೆ ಎಂಟು ಬಾಯಿಗೆ ಬರಲೇ ಇಲ್ಲ. ಏಳು, ಏಳು, ಏಳು ಎನ್ನುತ್ತಲೇ ಇದ್ದೆ. ಅದು ಅಂಕಿಯಾಗಿ ಉಳಿದಿರಲಿಲ್ಲ. ಅಪ್ಪನ ವಯಸ್ಸಿನವನನ್ನು ಏಕವಚನದಲ್ಲಿ ಎಬ್ಬಿಸುತ್ತಿದ್ದೇನೆಂಬ ಅರಿವೂ ಇರಲಿಲ್ಲ. ಕೊನೆಗೆ ಒಂದು ಗೊರಕೆಯಂಥ ಸದ್ದು. ಅಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ.

ಬೆರಳುಗಳ ಕೆಲಸ ಮುಗಿದು, ಮರುದಿನ ಅವನು ಗಂಜಿ ಕುಡಿಯುತ್ತಿದ್ದಾಗ ಹತ್ತಿರ ಕುಳಿತು ನಡೆದದ್ದೆಲ್ಲ ಹೇಳಿದೆ, ನನ್ನ ಪೆನ್ಸಿಲಿನ ಸಮೇತ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬುಕ್ಕಿನಲ್ಲಿ ತನ್ನ "ಎಸ್ರು" ಇದೆಯೇ ಎಂದಷ್ಟೇ ಕೇಳಿದ. ಇಲ್ಲವೆಂದೆ. ಆರೂ ಒಂದು ಯಾಕೆಂದು ಕೇಳಿದೆ.

"ಏಳು ಅನ್ಬಾರ್ದು ಸ್ವಾಮಿ. ತೆಲುಗ್ನಾಗೆ ಏಳಕ್ಕೆ ಏಡು ಅಂತಾರೆ, ಏಡು ಅಂದ್ರೆ ಅಳು ಅಂತಾನೂ ಆಯ್ತದೆ. ರಾಗಿ ರಾಸಿ ಮುಂದೆ ಕುಂತ್ಕಂಡು ಯಾರಾನ ಅಳು ಅಂತಾರಾ? ಮೊದ್ಲುದ್ದು ಲಾಭ, ಏಳಕ್ಕೆ ಆರೂ ಒಂದು. ನಮ್ಮಪ್ಪ ಅಂಗೇ ಅಳೀತಿದ್ದ."

ಅವನ ಬುದ್ಧಿ ನೆಟ್ಟಗೇ ಇತ್ತು. ಲೆಕ್ಕ ತಪ್ಪಿದ್ದು ಕಾಲೇಜಿನಲ್ಲಿ ಓದಿದವನದು.

ನಾನು ಏಳು ಏಳು ಎಂದು ಕಿರುಚಿದ್ದು ತಪ್ಪಾಯಿತೇನೋ ಎಂದೆ. ಮುನಿಯಪ್ಪ ಗಂಜಿಯ ಬಟ್ಟಲು ಕೆಳಗಿಟ್ಟು ಯೋಚಿಸಿದ. "ಅಳೀವಾಗ ಬ್ಯಾಡ ಸ್ವಾಮಿ," ಎಂದ. "ಎಬ್ಬುಸ್ವಾಗ ಅನ್ಬೋದು."

ನೋಟ್‌ಬುಕ್ ಅವತ್ತು ಬರೆದ ಸಾಲಿಗೇ ನಿಂತಿದೆ. ಈಗಲೂ ಕ್ಲೋರೋಫಾರ್ಮ್ ಕೊಡುತ್ತೇನೆ, ಬಲಗೈ ರೋಗಿಯ ದವಡೆ ಬಿಟ್ಟು ಕದಲುವುದಿಲ್ಲ. ರೈಲಿನಲ್ಲಿ ಎದುರಿನವರ ಉಸಿರನ್ನು ಮುನಿಯಪ್ಪನ ಹಾಗೆಯೇ ಎಣಿಸುತ್ತೇನೆ: ಲಾಭದಿಂದ ಆರೂ ಒಂದರವರೆಗೆ, ಮತ್ತೆ ಲಾಭದಿಂದ. ಆ ಇನ್ನೊಂದು ಪದವನ್ನು ಬಂಗಾರಪೇಟೆಗೆಂದು ಉಳಿಸಿಕೊಂಡಿರುತ್ತೇನೆ. ಗಾಡಿ ನಿಂತಾಗ ಅವರ ಭುಜ ಮುಟ್ಟಿ, ಈಗ ಬಹುವಚನದಲ್ಲಿ, ಏಳಿ ಎನ್ನುತ್ತೇನೆ. ಅವರು ಕಣ್ಣು ಬಿಡುವವರೆಗೆ ನಾನು ಇಳಿಯುವುದಿಲ್ಲ.