ಸ್ಟಾರ್ಟರ್ ಮೇಲಿನ ಟವೆಲ್

ಮಿಲ್ಲಿನಲ್ಲಿ ಭತ್ತ ಮೇಲೆತ್ತುವ ಎಲಿವೇಟರ್ ಶುರುವಾಗುವಾಗ ಮೊದಲು ಕೆಳಗಿನಿಂದ ಗುರ್ ಎನ್ನುವ ಸದ್ದು ಬರುತ್ತದೆ. ಆಮೇಲೆ ಬೆಲ್ಟಿಗೆ ಕಟ್ಟಿದ ತಗಡಿನ ಬಕೆಟ್‌ಗಳು ಒಂದರ ಹಿಂದೊಂದು ಕಟಕಟನೆ ಮೇಲೇರುತ್ತವೆ. ಆ ಎರಡು ಸದ್ದುಗಳ ನಡುವೆ ಒಂದು ಉಸಿರಿನಷ್ಟು ಬಿಡುವಿದೆ. ನಾನು ಈಗಲೂ ಅಲ್ಲೇ ಸಿಕ್ಕಿಕೊಂಡಿದ್ದೇನೆ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಸ್ಸು ಗುರ್ ಎಂದರೂ ಸಾಕು, ಎದುರು ಸೀಟಿನ ಕಂಬಿ ಹಿಡಿದುಬಿಡುತ್ತೇನೆ.

ಲಿಂಗಸುಗೂರಿನಲ್ಲಿ ಬಿ.ಕಾಂ. ಮುಗಿಸಿ ಸಿಂಧನೂರಿನ ಒಂದು ರೈಸ್ ಮಿಲ್ಲಿನ ಆಫೀಸಿಗೆ ಸೇರಿದವಳು ನಾನು. ಬಿಲ್ಲು, ಲಾರಿಯ ಕಾಗದಪತ್ರ, ಹೊರರಾಜ್ಯದ ವ್ಯಾಪಾರಿಗಳಿಗೆ ಉತ್ತರ, ಇದೇ ನನ್ನ ಕೆಲಸ. ಸಾಹುಕಾರರ ಅಳಿಯ ಮ್ಯಾನೇಜರಾಗಿ ಬಂದು ಕಂಪ್ಯೂಟರಿಗೆ ಎಐ ಹಾಕಿಸಿದ ಮೇಲೆ ನನಗೆ ಉಪಕಾರವಾಗಿದ್ದು ಸುಳ್ಳಲ್ಲ. ಅಕ್ಕಿಯಲ್ಲಿ ನುಚ್ಚು ಜಾಸ್ತಿ ಬಂತೆಂದು ಕೇರಳದವರು ಇಂಗ್ಲಿಷಿನಲ್ಲಿ ಬೈದು ಬರೆದರೆ, ಅವರ ಸಿಟ್ಟು ಇಳಿಯುವಂಥ ಉತ್ತರವನ್ನು ಅದು ನಾನು ನೀರು ಕುಡಿದು ಬರುವಷ್ಟರಲ್ಲಿ ಸಿದ್ಧಮಾಡಿಡುತ್ತಿತ್ತು. ಕತ್ತಲಾದ ಮೇಲೆ ಮನೆಗೆ ಹೋಗುತ್ತಿದ್ದವಳು ಬೆಳಕಿರುವಾಗಲೇ ಬಸ್ಸು ಹತ್ತತೊಡಗಿದೆ.

ಆದರೆ ಸಾಹುಕಾರರಿಗೆ ಪತ್ರಗಳು ಕಣ್ಣಿಗೆ ಕಾಣುವ ಲಾಭವಲ್ಲ. ಪ್ರತಿ ಸೋಮವಾರ ಅಳಿಯನನ್ನು ಎದುರಿಗೆ ಕೂರಿಸಿಕೊಂಡು, ಇದರಿಂದ ಮಿಲ್ಲಿಗೇನು ಬಂತು ಎಂದು ಕೇಳುತ್ತಿದ್ದರು. ಮ್ಯಾನೇಜರಿಗೂ ಏನಾದರೂ ತೋರಿಸಬೇಕಿತ್ತು. ಹೀಗಾಗಿ ಹೊಸ ಕ್ರಮವೊಂದು ಶುರುವಾಯಿತು. ನಾನು ವಾರಕ್ಕೊಮ್ಮೆ ಮಿಲ್ಲಿನ ಮೂಲೆಮೂಲೆಯ ಫೋಟೋ ತೆಗೆಯಬೇಕು, ಎಐ ಅವನ್ನು ನೋಡಿ ಎಲ್ಲೆಲ್ಲಿ ಅಪಾಯವಿದೆ, ಎಲ್ಲಿ ಸಾಮಾನು ಹರಡಿದೆ ಎಂದು ಹೇಳಬೇಕು, ಅದರಂತೆ ಸರಿಪಡಿಸಬೇಕು.

ನಮ್ಮಲ್ಲಿ ಭತ್ತ ತುಂಬಿಡಲು ಮನೆಯಷ್ಟು ಎತ್ತರದ ತಗಡಿನ ಬಿನ್ನುಗಳಿವೆ. ಕಾಲುವೆ ನೀರಿನ ಎರಡನೇ ಬೆಳೆ ಹಸಿಯಾಗಿಯೇ ಬರುವುದರಿಂದ ಕೆಲವೊಮ್ಮೆ ಒಳಗಿನ ಭತ್ತ ಹೆಪ್ಪುಗಟ್ಟಿ ಕೆಳಕ್ಕೆ ಇಳಿಯುವುದೇ ಇಲ್ಲ. ಆಗ ಒಬ್ಬ ಮೇಲಿನ ಬಾಯಿಂದ ಒಳಗಿಳಿದು ಬಿದಿರುಗಳದಿಂದ ಚುಚ್ಚಿ ಸಡಿಲಿಸಬೇಕು. ಅವನು ಒಳಗಿರುವಾಗ ಕೆಳಗೆ ಎಲಿವೇಟರ್ ಶುರುವಾದರೆ ಭತ್ತ ಅವನನ್ನು ಎಳೆದುಕೊಂಡೇ ಇಳಿಯುತ್ತದೆ. ಅದಕ್ಕೇ ಇಳಿಯುವವನು ತನ್ನ ಟವೆಲನ್ನು ಎಲಿವೇಟರಿನ ಸ್ಟಾರ್ಟರ್ ಮೇಲೆ ಹಾಕಿ ಹೋಗುತ್ತಿದ್ದ. ಹೊರಬಂದ ಮೇಲೆ ತಾನೇ ತೆಗೆಯುತ್ತಿದ್ದ. ಇನ್ನೊಬ್ಬರ ಟವೆಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೂ ಮೊದಲ ದಿನವೇ ಇದು ಗೊತ್ತಾಗುತ್ತಿತ್ತು. ಸಾಹುಕಾರರೇ ಹರೆಯದಲ್ಲಿ ಬೇರೆಯವರ ಮಿಲ್ಲಿನಲ್ಲಿ ದುಡಿಯುವಾಗ ಹಾಗೆ ಟವೆಲ್ ಹಾಕಿ ಇಳಿದವರು. ಖುಷಿಯಲ್ಲಿದ್ದಾಗ ಹೇಳಿಕೊಳ್ಳುತ್ತಿದ್ದರು.

ನಾನು ತೆಗೆದ ಫೋಟೋವೊಂದರಲ್ಲಿ ಆ ಟವೆಲ್ ಬಂದಿತ್ತು. ವಿದ್ಯುತ್ ಪೆಟ್ಟಿಗೆಯ ಮೇಲೆ ಬಟ್ಟೆ ಇದೆ, ಬೆಂಕಿ ಹತ್ತಬಹುದು, ತಕ್ಷಣ ತೆಗೆಯಿರಿ ಎಂದು ಎಐ ಬರೆಯಿತು. ಅದು ಯಾತಕ್ಕಿದೆ ಎಂದು ನಾನು ಮ್ಯಾನೇಜರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ನಾನು ಹೇಳಿದ್ದನ್ನೆಲ್ಲ ಅದಕ್ಕೇ ಟೈಪ್ ಮಾಡಿದರು. ಒಳ್ಳೆಯ ಉತ್ತರವೇ ಬಂತು. ಒಳಗಿಳಿಯುವ ಪ್ರತಿಯೊಬ್ಬರಿಗೂ ಸ್ವಂತ ಬೀಗ ಕೊಡಿ, ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಅವರೇ ಇಟ್ಟುಕೊಳ್ಳಲಿ, ಆ ಏರ್ಪಾಡು ಆದ ಮೇಲೆ ಟವೆಲ್ ತೆಗೆಸಿ ಎಂದಿತ್ತು.

ಬೀಗ ರಾಯಚೂರಿನಿಂದ ತರಿಸಬೇಕು, ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಗೆ ಕೊಂಡಿ ಕೂರಿಸಬೇಕು. ಟವೆಲ್ ತೆಗೆಸುವುದಕ್ಕೆ ಖರ್ಚಿಲ್ಲ. ಸಂಜೆಯೊಳಗೆ ಕಾಂಪೌಂಡ್ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಎಲ್ಲರ ಟವೆಲ್‌ಗಳನ್ನೂ ಅಲ್ಲಿ ತೂಗುಹಾಕಿಸಿದರು. ಸೋಮವಾರದ ಲಾಭಗಳಲ್ಲಿ ಬೆಂಕಿಯ ಅಪಾಯ ನಿವಾರಣೆಯೂ ಸೇರಿತು.

ನಾನು ಮತ್ತೊಮ್ಮೆ ಕೇಳಿದ್ದಕ್ಕೆ ಮ್ಯಾನೇಜರು, "ಬೀಗ ತರಸಾಕತ್ತೀವಿ ಅಲ್ರೀ ಮೇಡಂ. ಅಲ್ಲೀತನಕ ಬಾಯಿಲೆ ಹೇಳಿ ಇಳೀಲಿ," ಎಂದರು.

ಭುಜಕ್ಕೆ ಭುಜ ಹಚ್ಚಿ ನಿಂತವರೂ ಕೂಗಿ ಮಾತಾಡಬೇಕಾದ ಜಾಗದಲ್ಲಿ, ಬಾಯಿಲೆ.

ಕೆಲವೇ ದಿನಗಳಲ್ಲಿ ಬಿನ್ನೊಂದರ ಭತ್ತ ಹೆಪ್ಪುಗಟ್ಟಿತು. ಆ ದಿನ ಬೆಳಿಗ್ಗೆ ಇಳಿದವನು ಗೊರೇಬಾಳದವನು. ಊರಿಂದ ಬೈಕಿನಲ್ಲಿ ಬರುತ್ತಿದ್ದ, ಮನೆಯಲ್ಲಿ ದಖನಿ ಉರ್ದು, ಮಿಲ್ಲಿನಲ್ಲಿ ಕನ್ನಡ, ಎರಡರಲ್ಲೂ ಚೇಷ್ಟೆ. ನಾನು ಆ ವಾರದ ಫೋಟೋಕ್ಕೆಂದು ಏಣಿ ಹತ್ತಿ ಬಿನ್ನಿನ ಅಟ್ಟಣೆಯ ಮೇಲೆ ನಿಂತಿದ್ದೆ. ಅವನು ಗಳ ಹಿಡಿದು ಒಳಗೆ ಕಾಲಿಡುತ್ತ, "ನನ್ ಫೋಟೋ ತಗೀಬ್ಯಾಡ್ರಿ ಅಕ್ಕಾರ. ಇವನನ್ನೂ ತಗದು ಒಗೀರಿ ಅಂದಗಿಂದೀತು ನಿಮ್ಮ ಎಐ," ಎಂದ. ನಕ್ಕೆ. ಎಲಿವೇಟರಿನ ಆಪರೇಟರಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿಯೇ ಬಂದಿದ್ದ. ಆಪರೇಟರು ತಲೆಯಾಡಿಸಿದ್ದರಂತೆ.

ಹೇಳಿಸಿಕೊಂಡ ಆಪರೇಟರು ಪಾಳಿ ಮುಗಿಸಿ ಚಹಾಕ್ಕೆ ಹೋದರು. ಮುಂದಿನ ಪಾಳಿಯವರು ಬಂದರು. ಸ್ಟಾರ್ಟರ್ ಮೇಲೆ ಏನೂ ಇರಲಿಲ್ಲ. ಒತ್ತಿದರು.

ಗುರ್ ಎಂದಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಬಕೆಟ್‌ಗಳ ಕಟಕಟ. ಅವನ ಕಾಲ ಸುತ್ತ ಭತ್ತ ಬಾಣಲೆಯಂತೆ ತಗ್ಗಾಯಿತು. ಮೊಣಕಾಲು ಹೋಯಿತು, ಸೊಂಟ ಹೋಯಿತು. ಗಳವನ್ನು ಅಡ್ಡ ಹಿಡಿದ. ಅದೂ ಅವನ ಜೊತೆಗೇ ಇಳಿಯಿತು. ನಾನು ಮಲಗಿ ಕೈ ಚಾಚಿದೆ. ಬೆರಳು ಬೆರಳಿಗೆ ತಾಗಿದವು. ಹಿಡಿದಿದ್ದರೂ ಎಳೆಯುವ ಶಕ್ತಿ ನನಗಿರಲಿಲ್ಲ. ಕೂಗಿದ್ದು ನನಗೇ ಕೇಳಿಸಲಿಲ್ಲ. ಕೈಯಲ್ಲಿದ್ದ ಮೊಬೈಲಿನಿಂದ ಕೆಳಗಿನವರಿಗೆ ಫೋನು ಮಾಡಿದೆ, ರಿಂಗಾಯಿತು, ಆ ಗದ್ದಲದಲ್ಲಿ ಯಾರಿಗೆ ಕೇಳೀತು. ಅವನನ್ನು ಬಿಟ್ಟು ಏಣಿಯ ಕಡೆ ಓಡಿದೆ.

ಆ ಏಣಿಯನ್ನು ಆಮೇಲೆ ಎಷ್ಟು ಸಲ ಇಳಿದಿದ್ದೇನೋ. ನಿದ್ದೆಯಲ್ಲಿ, ಅಡುಗೆಮನೆಯಲ್ಲಿ, ಲಾರಿಯ ಬಿಲ್ಲು ಬರೆಯುವಾಗ. ಒಮ್ಮೊಮ್ಮೆ ವೇಲು ಕಂಬಿಗೆ ಸಿಕ್ಕಿಕೊಳ್ಳುತ್ತದೆ, ಒಮ್ಮೊಮ್ಮೆ ಸ್ವಿಚ್ಚು ಸಿಗುವುದೇ ಇಲ್ಲ. ನಿಜವಾಗಿ ಆದದ್ದು ಇಷ್ಟೇ. ಇಳಿದೆ, ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ, ಎಲ್ಲ ನಿಂತಿತು.

ಮತ್ತೆ ಮೇಲೆ ಹತ್ತಿದಾಗ ಭತ್ತ ಅವನ ಕುತ್ತಿಗೆಗೆ ಬಂದಿತ್ತು. ಬಾಯಿ ತೆರೆದಿದ್ದ, ಮಾತಿರಲಿಲ್ಲ. ಉಸಿರು ಬಿಟ್ಟಷ್ಟು ಜಾಗವನ್ನು ಭತ್ತ ತುಂಬಿಕೊಳ್ಳುತ್ತಿತ್ತು, ಮತ್ತೆ ಎಳೆದುಕೊಳ್ಳಲು ಎದೆಗೆ ಎಡೆಯಿರಲಿಲ್ಲ. ಸುತ್ತ ಹಲಗೆ ನಿಲ್ಲಿಸಿ, ಪುಟ್ಟಿಗಳಲ್ಲಿ ಭತ್ತ ಗೋರಿ ಗೋರಿ ಅವನನ್ನು ಹೊರಗೆ ತೆಗೆಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಕೆಲುಬು ಮುರಿದಿದ್ದವು. ಬದುಕಿದ.

ಮ್ಯಾನೇಜರು ಘಟನೆಯ ವರದಿಯನ್ನು ಎಐಯಿಂದಲೇ ಬರೆಸಿದರು. ಸಣ್ಣ ಅವಘಡ, ಸಿಬ್ಬಂದಿಯ ಸಮಯಪ್ರಜ್ಞೆ, ತ್ವರಿತ ಕ್ರಮ. ಭಾಷೆ ಎಷ್ಟು ನಯವಾಗಿತ್ತೆಂದರೆ ನನಗೆ ಕಾಗದ ಹರಿಯುವಂಥ ಸಿಟ್ಟು ಬಂತು. ಅವರು ಮನೆಗೆ ಹೋದ ಮೇಲೆ ನಾನೇ ಕೂತು, ನೀನು ಟವೆಲ್ ತೆಗೆಸಿದೆಯಲ್ಲ ಎಂದು ಅದಕ್ಕೆ ಬರೆದೆ. ಅದು ವಿಷಾದ ಸೂಚಿಸಿತು, ಬೀಗದ ಏರ್ಪಾಡು ಮೊದಲೇ ಆಗಬೇಕಿತ್ತು ಎಂದು ಹೇಳಿತು. ಮೊದಲೂ ಅದನ್ನೇ ಹೇಳಿತ್ತು. ಇನ್ನು ಯಾರ ಜೊತೆ ಜಗಳವಾಡುವುದು? ಸಾಹುಕಾರರು, ಜೀವಕ್ಕೇನೂ ಆಗಲಿಲ್ಲವಲ್ಲ ಎಂದರು. ಆಸ್ಪತ್ರೆಯ ಖರ್ಚು ಕೊಟ್ಟರು. ಬೀಗ ಮಾತ್ರ ಬರಲಿಲ್ಲ.

ಗೊರೇಬಾಳಕ್ಕೆ ನೋಡಲು ಹೋದೆ. ಎದೆಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೊರಗಿ ಕೂತಿದ್ದ. ಹೆಂಡತಿ ಚಹಾ ತಂದಳು. ಅವನಿಗೆ ನಗುವುದಕ್ಕೂ ನೋವು, ಆದ್ದರಿಂದ ಚೇಷ್ಟೆ ಮಾಡಲಿಲ್ಲ. ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದ.

"ನೀವು ಏಣಿ ಕಡೆ ಓಡಿದ್ರಲ್ಲ ಅಕ್ಕಾರ, ಅಂಜಿ ಓಡಿಹೋದ್ರು ಅಂತ ತಿಳ್ಕೊಂಡಿದ್ದೆ."

ನಾನು ಚಹಾ ಕುಡಿದೆ.

"ಇನ್ ಮ್ಯಾಲ ನಾ ಇಳಿಯಂಗಿಲ್ರಿ. ಕೂಲಿ ಬಿಟ್ರೂ ಸೈ."

ಬೇರೆಯವರೂ ಹಾಗೇ ತೀರ್ಮಾನಿಸಿದ್ದರು. ನಮಗೆ ಅದು ಗೊತ್ತಾದದ್ದು ಮತ್ತೆ ಭತ್ತ ಹೆಪ್ಪುಗಟ್ಟಿದ ದಿನ. ಮ್ಯಾನೇಜರು ಕರೆದರು, ಯಾರೂ ಏಳಲಿಲ್ಲ. ಸಾಹುಕಾರರು ಬಂದು ಗದರಿದರು. ಅಂದು ಗುಂಡಿ ಒತ್ತಿದ್ದ ಆಪರೇಟರೇ ಎದ್ದು ನಿಂತರು. ಆ ದಿನದಿಂದ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇಳಸಬ್ಯಾಡ್ರಿ ಸಾವ್ಕಾರ್ರ. ಬೀಗ ಬರೂತನಕ ನಾ ಮಿಷನ್ ಚಾಲೂ ಮಾಡಂಗಿಲ್ಲ."

ಸಾಹುಕಾರರು ಅಳಿಯನ ಕಡೆ ನೋಡಿದರು. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಡ್ರೈವರುಗಳು ಆಗಲೇ ಆಫೀಸಿನ ಬಾಗಿಲಿಗೆ ಬಂದು ಬಾಡಿಗೆಯ ಮಾತೆತ್ತಿದ್ದರು. ಮಧ್ಯಾಹ್ನದೊಳಗೆ ರಾಯಚೂರಿಗೆ ಕಾರು ಹೊರಟಿತು. ಮರುದಿನ ಬೀಗ ಬಂದವು, ಎಲೆಕ್ಟ್ರಿಷಿಯನ್ನೂ ಬಂದ. ಇಷ್ಟು ಸಲೀಸಾಗಿ ಆಗುವ ಕೆಲಸವಾಗಿತ್ತು ಅದು. ಒಬ್ಬನ ಎದೆ ಮುರಿದರೂ ಬಾರದ ಬೀಗ, ಲಾರಿಗಳು ನಿಂತ ಕೂಡಲೇ ಬಂತು.

ಸೋಮವಾರ ಮ್ಯಾನೇಜರು ಆ ಬೀಗಗಳನ್ನೂ ಎಐಯಿಂದ ಆದ ಲಾಭಗಳಲ್ಲಿ ಓದಿದರು. ಸಾಹುಕಾರರು ಹೂಂಗುಟ್ಟಿದರು. ಆ ಪಟ್ಟಿ ಟೈಪ್ ಮಾಡಿಕೊಟ್ಟವಳು ನಾನೇ. ಗೊರೇಬಾಳದವನು ಈಗ ಗೇಟಿನ ಬಳಿ ಲಾರಿ ತೂಗಿಸುತ್ತಾನೆ, ಬಿನ್ನುಗಳ ಕಡೆ ಬೆನ್ನು ಮಾಡಿ ಕೂರುತ್ತಾನೆ. ಫೋಟೋ ತೆಗೆಯಲು ನಾನೂ ಮೇಲೆ ಹತ್ತುವುದಿಲ್ಲ. ಇನ್ನೊಬ್ಬರನ್ನು ಕಳಿಸಿ ಎಂದು ಮ್ಯಾನೇಜರಿಗೆ ಹೇಳಿದ್ದೇನೆ. ಕಾರಣವನ್ನು ಅವರು ಇನ್ನೂ ಕೇಳಿಲ್ಲ.