ಕೆಂಚಮಾವನ ಗೆದ್ದ ಕಾಚ

ಆಗ ಪಟ್ಟಣದಲ್ಲಿ ಸುಲ್ತಾನರ ಆಳ್ವಿಕೆ. ಕೋಟೆಯ ಬೆಳಗಿನ ತೋಪಿನ ಸದ್ದು ನಮ್ಮ ಪಾಲಹಳ್ಳಿಯವರೆಗೂ ಕೇಳಿಸುತ್ತಿದ್ದ ಆ ದಿನಗಳಲ್ಲಿ, ತೋಪು ಹಾರುವ ಮೊದಲೇ ನಾವು ಹುಡುಗರೆಲ್ಲ ಗರಡಿಯಲ್ಲಿರುತ್ತಿದ್ದೆವು. ಬಾಗಿಲು ತೆಗೆದರೆ ಸಾಕು, ಎಣ್ಣೆ, ಅರಿಸಿನ, ಬೆವರು ಕಲೆತ ಕೆಮ್ಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಕುಸ್ತಿಯಾಡುವ ಆ ಮಣ್ಣಿನ ಅಂಕಣಕ್ಕೆ ಮಟ್ಟಿ ಎನ್ನುತ್ತಿದ್ದೆವು. ಅದರಲ್ಲಿ ಹೊರಳಾಡಿ ಮನೆಗೆ ಬಂದರೆ ಅವ್ವ ನೆನೆಸಿಟ್ಟ ಕಡಲೆ, ಜೊತೆಗೊಂದು ಚೂರು ಬೆಲ್ಲ. ಇದಕ್ಕಿಂತ ದೊಡ್ಡ ಸುಖ ಲೋಕದಲ್ಲಿದೆಯೆಂದು ನನಗಂತೂ ಗೊತ್ತಿರಲಿಲ್ಲ.

ಗರಡಿಯ ದೊಡ್ಡ ಪೈಲ್ವಾನ ನನ್ನ ಸೋದರಮಾವ ಕೆಂಚಮಾವ. ಹಗಲೆಲ್ಲ ನಮ್ಮ ಕುಲುಮೆಯಲ್ಲಿ ಸುತ್ತಿಗೆ ಎತ್ತುತ್ತಿದ್ದ ಆಳು, ಯಾರಿಗೂ ಅಂಜುವವನಲ್ಲ. ಬೆಳ್ಳೂರಿನ ಪೈಲ್ವಾನನನ್ನು ಚಿತ್ತು ಮಾಡಿದ ದಿನ ಉಟ್ಟಿದ್ದ ಕಾಚವನ್ನು ಅವನು ಆಮೇಲೆ ಒಗೆಯಲೇ ಇಲ್ಲ. ಒಗೆದರೆ ಗೆಲುವೂ ನೀರುಪಾಲಾಗುತ್ತದೆಂಬ ನಂಬಿಕೆ. ಅದು ಗರಡಿಯ ಗೂಟದಲ್ಲಿ ತೂಗುತ್ತಿತ್ತು. ಮಾವ ಜಿಪುಣನಲ್ಲ, ಗೆಲುವು ಎಲ್ಲರಿಗೂ ಹತ್ತಲಿ ಎಂದು ನಮಗೂ ಸರದಿಯಂತೆ ಉಡಲು ಕೊಡುತ್ತಿದ್ದ. ನನ್ನ ಸೊಂಟಕ್ಕೆ ಅದು ಎರಡು ಸುತ್ತು ಬರುತ್ತಿತ್ತು. ಉಟ್ಟ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗೆಲುವು ಹತ್ತಿತೋ ಇಲ್ಲವೋ, ಹುಳುಕಡ್ಡಿ ಹತ್ತಿತು. ನಮ್ಮ ಗುರುಗಳಾದ ಖಾದರ್ ಉಸ್ತಾದರು ಮಗಳ ಮದುವೆಗೆಂದು ಪಟ್ಟಣಕ್ಕೆ ಹೋಗಿದ್ದರು. ಮರಳಿ ಬಂದು ನೋಡಿದರೆ ದಂಡ, ಬಸ್ಕಿ ಹೊಡೆಯುವವರು ಒಬ್ಬರೂ ಇಲ್ಲ, ಎಲ್ಲರೂ ಕೆರೆದುಕೊಳ್ಳುವವರೇ.

"ಇದೇನ್ಲಾ ಕೆಂಚ, ಎಲ್ಲಾ ಇಂಗೆ ಕೆರ್ಕತಾವ್ರೆ?"

"ಸೆಕೆ ಉಸ್ತಾದ್ರೆ," ಎಂದ ಮಾವ. ಅದು ಮಾಗಿಯ ಚಳಿ.

ಉಸ್ತಾದರು ನಮ್ಮನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಕಿವಿಯ ಹಿಂದೆ, ಕಂಕುಳಲ್ಲಿ, ಕಾಲ್ಬೆರಳ ಸಂದಿಯಲ್ಲಿ ನೋಡಿದರು. ಕೆಂಪು ಉಂಗುರಗಳು ಎಲ್ಲರಿಗೂ ಸೊಂಟದಲ್ಲೇ ಎದ್ದಿದ್ದವು. ಅವರ ಕಣ್ಣು ಮೆಲ್ಲಗೆ ಗೂಟದ ಕಡೆ ಹೋಯಿತು.

ಸಂಕ್ರಾಂತಿಗೆ ಹಿರೋಡೆ ಊರಿನ ಪೈಲ್ವಾನನ ಮೇಲೆ ಮಾವನ ಕುಸ್ತಿ ನಿಶ್ಚಯವಾಗಿತ್ತು. ಕುಸ್ತಿಗೆ ಮೊದಲು ಆ ಕಡೆಯ ಉಸ್ತಾದರು ಮೈ ಪರೀಕ್ಷಿಸುವುದು ಪದ್ಧತಿ. ಚರ್ಮದ ರೋಗ ಕಂಡರೆ ಅಷ್ಟು ಜನರ ಎದುರಿಗೇ ಮನೆಗೆ ಕಳಿಸುತ್ತಿದ್ದರು. ಅಂಥ ಅವಮಾನ ನಮ್ಮ ಗರಡಿಗೆ ಎಂದೂ ಆಗಿರಲಿಲ್ಲ. ಕಾಚ ಒಗೆಯಲೇಬೇಕು ಎಂದರು ಉಸ್ತಾದರು.

"ಏನಾರ ಮಾಡಿ ಉಸ್ತಾದ್ರೆ, ಆ ಕಾಚ ಒಂದ್ ಬುಟ್ಬುಡಿ. ಒಗುದ್ರೆ ನಾ ಸೋತೋಯ್ತೀನಿ."

"ಅರೆ ಬೇಟಾ, ತುರ್ಕೆ ಇದ್ದೋನ್ನ ಅವ್ರು ಮಟ್ಟಿಗೇ ಇಳ್ಸಾಕಿಲ್ಲ. ಇಳೀದೆ ಎಂಗ್ಲಾ ಗೆಲ್ತೀಯ?"

ಹುಳುಕಡ್ಡಿಗೆ ಗಂಧಕವೇ ಔಷಧಿ, ಆದರೆ ಅದೆಲ್ಲ ಕೋಟೆಯ ಸಿಡಿಮದ್ದಿನ ಮನೆಗೆ ಹೋಗುತ್ತಿದ್ದ ಕಾಲ. ಉಸ್ತಾದರು ಯಾರ ಕೈಕಾಲು ಹಿಡಿದರೋ, ಒಂದು ಪೊಟ್ಟಣ ತಂದರು. ಹೊಂಗೆಯೆಣ್ಣೆಯಲ್ಲಿ ಕಲಸಿ, ಒಬ್ಬೊಬ್ಬರಿಗೂ ತಮ್ಮ ಕೈಯಾರೆ ಹಚ್ಚಿದರು. ಅವರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಮುಖ ಸಿಂಡರಿಸಿದ್ದು ನಮ್ಮಜ್ಜಿ. "ತೋಪಿನ್ ಬಾಯಿಂದ ಈಚೆಗ್ ಬಂದಂಗೆ ನಾರ್ತಾವೆ ಮುಂಡೇವು. ಅಂಗ್ಳದಲ್ಲೇ ಕುಂತ್ಕಂಡು ಮುದ್ದೆ ತಿನ್ನಿ," ಎಂದು ನಮ್ಮನ್ನು ಅಂಗಳಕ್ಕೆ ಅಟ್ಟಿದಳು.

ಹಳೆಯ ಮಣ್ಣನ್ನು ತೋಡಿ ಹೊಲಕ್ಕೆ ಹಾಕಿದೆವು. ಹೊಸ ಕೆಮ್ಮಣ್ಣು ಜರಡಿ ಹಿಡಿದು ಅರಿಸಿನ, ಬೇವಿನ ಪುಡಿ ಬೆರೆಸಿದೆವು. ಆಟ ಮುಗಿದೊಡನೆ ಹೊಳೆಗೆ ಹೋಗಿ ಸೀಗೆಪುಡಿ ಹಚ್ಚಿ ಮೀಯಬೇಕು, ಬೆರಳ ಸಂದಿ ಒರೆಸಿಕೊಳ್ಳಬೇಕು, ಅವರವರ ಕಾಚ ಅವರವರದೇ ಎಂದು ಉಸ್ತಾದರು ಕಟ್ಟಳೆ ಮಾಡಿದರು. ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ ಒಬ್ಬರ ಮೇಲೊಬ್ಬರು ನೀರೆರಚದೆ ನಾವು ಬಂದದ್ದಿಲ್ಲ.

ಗೆದ್ದ ಕಾಚ ಮಡಿವಾಳರ ನಿಂಗವ್ವನ ಉಬ್ಬೆಗೆ ಬಿತ್ತು. ಅದು ಆವಿಯಲ್ಲಿ ಬೇಯುವಷ್ಟು ಹೊತ್ತೂ ಮಾವ ಒಲೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

"ಯಾರ್ ಸತ್ರು ಅಂತ ಇಂಗ್ ಕುಂತಿದ್ದೀಯೇ ಕೆಂಚಣ್ಣ?" ಎನ್ನುತ್ತಾ ನಿಂಗವ್ವ ಅದನ್ನು ಜಾಲಿಸಿ ಹಿಡಿದಳು. ನಾವೆಲ್ಲ ಕಂದು ಎಂದುಕೊಂಡಿದ್ದ ಕಾಚ ಹಳದಿಯಾಗಿತ್ತು.

"ಇದು ನಂದಲ್ಲ," ಎಂದ ಮಾವ.

"ನಿಂದೇ ಕಣಪ್ಪ. ಮೊದ್ಲೇ ಒಗುಸಿದ್ರೆ ಗುರ್ತಾದ್ರೂ ಸಿಕ್ತಿತ್ತು."

ಸಂಕ್ರಾಂತಿಯ ದಿನ ಹಿರೋಡೆಯ ಉಸ್ತಾದರು ಮಾವನನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಚೊಕ್ಕಟವಾಗವ್ನೆ, ಇಳೀಲಿ," ಎಂದರು. ಇಳಿದ ಮಾವನಿಗೆ ಮಾತ್ರ ಧೈರ್ಯವೇ ಇಲ್ಲ. ಒಗೆದ ಕಾಚವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎದುರಾಳಿ ಅದೇ ಸಮಯ ಸಾಧಿಸಿ ಕೆಡವಿದ. ಇನ್ನೇನು ಬೆನ್ನು ಮಣ್ಣಿಗೆ ತಾಗಬೇಕು, ಮಾವ ತನ್ನ ಕತ್ತಿನ ಮೇಲೇ ಮೈಯೆತ್ತಿ ಹೊರಳಿದ. ಆಮೇಲೆ ಕಾಚದ ನೆನಪು ಹಾರಿಹೋಗಿರಬೇಕು. ಸ್ವಲ್ಪ ಹೊತ್ತಿಗೆ ಹಿರೋಡೆಯವನು ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

ಊರಿಗೆ ಬಂದ ಮಾವ ಮನೆಗೂ ಹೋಗದೆ ನೇರ ನಿಂಗವ್ವನ ಬಾಗಿಲಿಗೆ ಹೋದ. "ಇದ್ನ ಈಗ್ಲೇ ಉಬ್ಬೆಗಾಕವ್ವ. ಕೊಳೆ ಇದ್ರೆ ಗೆಲ್ಲಾಕಿಲ್ಲ." ಅಂದಿನಿಂದ ಹೊಸ ಹುಚ್ಚು ಶುರುವಾಯಿತು. ನಾವು ಉಡಲು ಕೇಳಿದರೂ, "ನಿಮ್ಮವ್ ನೀವ್ ಉಟ್ಕಳ್ರಲಾ," ಎಂದು ಗದರುತ್ತಿದ್ದ.

ಕೋಟೆ ಬಿದ್ದ ವರ್ಷ ಉಸ್ತಾದರ ಸಂಸಾರ ಎತ್ತ ಹೋಯಿತೋ ತಿಳಿಯಲಿಲ್ಲ. ಗರಡಿಯ ಸೂರು ಕುಸಿಯಿತು, ಮಟ್ಟಿಯಲ್ಲಿ ಹರಳುಗಿಡ ಬೆಳೆಯಿತು. ಈಗ ನನ್ನ ಮೊಮ್ಮಕ್ಕಳ ಮೈಮೇಲೆ ಒಂದು ಕಲೆಯೂ ಇಲ್ಲ, ಚೊಕ್ಕಟವಾಗಿವೆ. ಹಬ್ಬದಲ್ಲೂ ಪಕ್ಕದ ಮನೆಯ ಹುಡುಗರಿಂದ ಮಾರು ದೂರವೇ ನಿಲ್ಲುತ್ತವೆ. ಯಾರ ಮೈಯೂ ಯಾರಿಗೂ ತಾಗದಿದ್ದರೆ ಹುಳುಕಡ್ಡಿ ಎಲ್ಲಿಂದ ಬರಬೇಕು.