ಅಶೋಕ ಗಿಡದ ಹಿಂದಿನ ಆಂಟಿ

ಪಕ್ಕದ ಮನೆ ಆಂಟಿಗೆ ದಿನಾ ಬೆಳಿಗ್ಗೆ ನೈಟಿಯಲ್ಲೇ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸಬೇಕು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಬೇಕು. ಎದುರಿಗೆ ಟೀ ಅಂಗಡಿ ಬಂತು ನೋಡಿ, ಆ ಸುಖ ಹೋಯಿತು. ಮರೆಗೆ ಗಿಡ ಹಾಕೋಣವೆಂದರೆ ತಂತಿ ಬೇಲಿಯ ಪಕ್ಕ ಇದ್ದ ಜಾಗ ಎರಡೇ ಗೇಣು.

ಕೋರ ಅನ್ನೋ ಊರಿನ ಹತ್ತಿರದ ನರ್ಸರಿಗೆ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಆಂಟಿ ಒಂದೊಂದು ಗಿಡಕ್ಕೂ ಗೇಣು ಹಾಕಿ ನೋಡಿದರು.

"ಉದ್ದ ಬೆಳೀಲಿ, ಅಗಲ ಆಗ್ಬಾರ್ದು ಕಣಪ್ಪ."

ಅಂಕಲ್ ಮೂರನೇ ಮುದ್ದೆಗೆ ಕೈ ಚಾಚಿದಾಗಲೂ ಆಂಟಿ ಹೇಳುತ್ತಿದ್ದುದು ಇದೇ ಮಾತು. ಕೊನೆಗೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಅಶೋಕ ಆರಿಸಿ, ಬೇಲಿಯುದ್ದಕ್ಕೂ ಸಾಲಾಗಿ ನೆಟ್ಟರು.

ಗಿಡ ಬೆಳೆದು ಕೊಂಬೆಗಳು ನೆಲದವರೆಗೂ ಇಳಿಬಿದ್ದವು. ಟೀ ಅಂಗಡಿ ಮರೆಯಾಯಿತು, ಜೊತೆಗೆ ಬೀದಿಯೂ ಮರೆಯಾಯಿತು. ಆಂಟಿ ಮಂಕಾದರು.

"ಯಾರ್ ಬಂದ್ರೋ, ಯಾರ್ ಹೋದ್ರೋ. ಜೈಲಾಗೋಯ್ತಲ್ಲೋ."

ಮಾರನೇ ದಿನವೇ ಕತ್ತರಿ ಹಿಡಿದು ಕೆಳಗಿನ ಕೊಂಬೆಗಳನ್ನು ಮೊಣಕಾಲೆತ್ತರದವರೆಗೆ ಸವರಿಬಿಟ್ಟರು. ಈಗ ಅವರ ಮುಖ ಯಾರಿಗೂ ಕಾಣುವುದಿಲ್ಲ. ಸ್ವಲ್ಪ ಬಗ್ಗಿದರೆ ಅವರಿಗೆ ಎಲ್ಲರ ಕಾಲೂ ಕಾಣುತ್ತದೆ.

ಮೊನ್ನೆ ಅವಸರದಲ್ಲಿ ಸದ್ದಿಲ್ಲದೆ ಹೋಗುತ್ತಿದ್ದೆ. ಗಿಡದ ಹಿಂದಿನಿಂದ ದನಿ ಬಂತು.

"ಏನೋ, ಹೆಂಡ್ತಿ ಚಪ್ಲಿ ಹಾಕ್ಕೊಂಡು ಎಲ್ಲಿಗೋ ಹೊರಟೆ?"

ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ನನ್ನ ಕಾಲು ನೋಡಿದರು.